ಬೆಳೆ ಕಾವಲಿನ ಬಂದೂಕು, ತರಬೇತಿಯ ರೈಫಲ್: ಕಿವಿಗೆ ಏನು ಹಾಕಿಕೊಳ್ಳಬೇಕು

ಪಾವಗಡ, ಮಧುಗಿರಿ ಕಡೆ ಕಡಲೆಕಾಯಿ ಬಲಿಯುವ ಹೊತ್ತಿಗೆ ಹೊಲಕ್ಕೆ ಹಂದಿ ಬೀಳುತ್ತವೆ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಸುತ್ತ ಆನೆ ಕಾಟ. ರಾತ್ರಿ ಕಾವಲಿಗೆ ಹೋಗುವವರ ಕೈಯಲ್ಲಿ ಟಾರ್ಚ್ ಇರುತ್ತದೆ, ಪಟಾಕಿ ಇರುತ್ತದೆ, ಲೈಸೆನ್ಸ್ ಇರುವ ಕೆಲವರ ಹತ್ತಿರ ಒಂಟಿ ನಳಿಗೆಯ ಬಂದೂಕೂ ಇರುತ್ತದೆ. ಕಿವಿಗೆ ಹಾಕಿಕೊಳ್ಳುವ ಸಾಮಾನು ಮಾತ್ರ ಬಹುತೇಕ ಯಾರ ಹತ್ತಿರವೂ ಇರುವುದಿಲ್ಲ. ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿಗೆ ಸೇರುವವರು, ಎನ್‌ಸಿಸಿ ಮಕ್ಕಳು, ರೈಫಲ್ ಕ್ಲಬ್ಬಿಗೆ ಹೋಗುವವರು ಕೂಡ ಎಷ್ಟೋ ಸಲ ಹತ್ತಿ ತುರುಕಿಕೊಂಡೇ ಫೈರಿಂಗ್ ಪಾಯಿಂಟಿಗೆ ಹೋಗಿ ಮಲಗುತ್ತಾರೆ. ಈ ಬರಹ ಇವರಿಗೆಲ್ಲ.

ಬೇಟೆಯ ಮಾತು ಇಲ್ಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಬೆಳೆ ರಕ್ಷಣೆಗೆಂದು ಸಿಕ್ಕ ಲೈಸೆನ್ಸ್ ಬಂದೂಕು ಇಟ್ಟುಕೊಳ್ಳುವುದಕ್ಕೆ ಕೊಟ್ಟ ಅನುಮತಿ, ನವಿಲನ್ನೋ ಹಂದಿಯನ್ನೋ ಹೊಡೆಯುವುದಕ್ಕೆ ಕೊಟ್ಟದ್ದಲ್ಲ.

ಸದ್ದು ಎಷ್ಟು

ಇಬ್ಬರು ಎದುರುಬದುರು ಕೂತು ಮಾತಾಡಿದರೆ ಸುಮಾರು 60 ಡೆಸಿಬಲ್. ಎನ್‌ಸಿಸಿಯಲ್ಲಿ ಬಳಸುವಂಥ .22 ರೈಫಲ್ ಹಾರಿಸಿದವರ ಕಿವಿಯ ಹತ್ತಿರ 140ರ ಆಸುಪಾಸು. 12 ಬೋರ್ ಬಂದೂಕು 150ರಿಂದ 165. .315 ಸ್ಪೋರ್ಟಿಂಗ್ ರೈಫಲ್, .30-06 ತರಹದ ದೊಡ್ಡ ರೈಫಲ್‌ಗಳು 160 ದಾಟುತ್ತವೆ. ಒಂದೇ ಏಟಿನ ಸದ್ದಿಗೆ ದೊಡ್ಡವರ ಕಿವಿಗೆ ಹಾಕಿರುವ ಗರಿಷ್ಠ ಮಿತಿ 140. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 120.

140ಕ್ಕೂ 160ಕ್ಕೂ ಇಪ್ಪತ್ತೇ ತಾನೆ ವ್ಯತ್ಯಾಸ ಅನ್ನಬೇಡಿ. ಡೆಸಿಬಲ್ ಮೂರು ಏರಿದರೆ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ, ಹತ್ತು ಏರಿದರೆ ಹತ್ತರಷ್ಟು. ಇಪ್ಪತ್ತು ಏರಿದರೆ ನೂರರಷ್ಟು. ದೊಡ್ಡ ರೈಫಲ್ಲಿನ ಒಂದೇ ಒಂದು ಏಟು, ಕಿವಿ ಬರಿದಾಗಿದ್ದರೆ, ಜೀವಮಾನವಿಡೀ ಉಳಿಯುವ ಗಾಯ ಮಾಡಬಲ್ಲದು.

ಪಟಾಕಿಯೂ ಕಮ್ಮಿಯಲ್ಲ. 4 ಮೀಟರ್ ದೂರದಲ್ಲಿ ಸಿಡಿತದ ಗರಿಷ್ಠ ಸದ್ದು 145 ಡೆಸಿಬಲ್ (ಸಿ) ಮೀರುವ ಪಟಾಕಿ ಮಾಡಿ ಮಾರುವಂತಿಲ್ಲ ಅನ್ನುವುದು ನಮ್ಮ ದೇಶದ ನಿಯಮ. ಕಾವಲಿನಲ್ಲಿ ಅದೇ ಪಟಾಕಿ ಎಷ್ಟೋ ಸಲ ಕೈಯಳತೆಯಲ್ಲೇ ಸಿಡಿಯುತ್ತದೆ. ಪಿವಿಸಿ ಪೈಪಿನ ಕಾರ್ಬೈಡ್ ಗನ್ ಬಳಸುವವರಿಗೆ ಕಿವಿಗಿಂತ ಮೊದಲು ಕಣ್ಣಿನ ಅಪಾಯ. ಹೊತ್ತಿಕೊಳ್ಳಲಿಲ್ಲ ಎಂದು ಪೈಪಿನೊಳಗೆ ಇಣುಕಿದವರು ಕಣ್ಣು ಕಳೆದುಕೊಂಡಿದ್ದಾರೆ. ಅದನ್ನು ಬಳಸಲೇಬೇಡಿ.

ಎಲ್ಲಿ ನಿಂತು ಹಾರಿಸುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬಯಲಲ್ಲಿ ಸದ್ದು ಚದುರಿಹೋಗುತ್ತದೆ. ತಗಡಿನ ಶೆಡ್ಡಿನ ಕೆಳಗೆ, ಪಂಪ್‌ಸೆಟ್ ಮನೆಯ ಗೋಡೆಗೆ ಒರಗಿ, ಇಲ್ಲವೆ ನಮ್ಮ ಕಡೆಯ ದೊಡ್ಡ ಬಂಡೆಗಳ ಸಂದಿಯಲ್ಲಿ ಹಾರಿಸಿದರೆ ಹೋದ ಸದ್ದು ತಿರುಗಿ ಬಂದು ಮತ್ತೆ ಹೊಡೆಯುತ್ತದೆ. ನಳಿಗೆ ಗಿಡ್ಡವಾದಷ್ಟೂ ಅದರ ಬಾಯಿ ಕಿವಿಗೆ ಹತ್ತಿರ, ಸದ್ದೂ ಹೆಚ್ಚು. ನಳಿಗೆಯ ತುದಿಗೆ ಮಝಲ್ ಬ್ರೇಕ್ ಹಾಕಿದ್ದರೆ ಒದೆತ ತಗ್ಗುತ್ತದೆ, ಆದರೆ ಸದ್ದು ಹಿಂದಕ್ಕೂ ಅಕ್ಕಪಕ್ಕಕ್ಕೂ ನುಗ್ಗುತ್ತದೆ. ಆಗ ಪಕ್ಕದಲ್ಲಿ ನಿಂತವನ ಕಿವಿ ಹಾರಿಸಿದವನ ಕಿವಿಗಿಂತ ಹೆಚ್ಚು ಪೆಟ್ಟು ತಿನ್ನಬಹುದು.

ಬಲಗೈಯವರಿಗೆ ಎಡಗಿವಿ ಮೊದಲು ಹೋಗುತ್ತದೆ. ಬಂದೂಕಿನ ಹಿಂಭಾಗದ ಬಟ್ಟನ್ನು ಬಲ ಭುಜಕ್ಕೆ ಕೊಟ್ಟು ಬಲಗೆನ್ನೆ ಒರಗಿಸಿದಾಗ ತಲೆ ಓರೆಯಾಗಿ ಎಡಗಿವಿ ನಳಿಗೆಯ ಬಾಯಿಯ ಕಡೆ ತಿರುಗಿರುತ್ತದೆ, ಬಲಗಿವಿಗೆ ತಲೆಯೇ ಮರೆಯಾಗುತ್ತದೆ. ಎಡಗೈಯಲ್ಲಿ ಹಾರಿಸುವವರಿಗೆ ಇದು ತಿರುವುಮುರುವು.

ಒಳಗೆ ಹಾಳಾಗುವುದು ಒಳಗಿವಿಯ ಸಣ್ಣ ರೋಮದಂಥ ಕೋಶಗಳು. ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಮಂಕಾಗುವುದು 3000ದಿಂದ 6000 ಹರ್ಟ್ಸ್ ನಡುವಿನ ಸದ್ದು, ಅದರಲ್ಲೂ 4000ದ ಸುತ್ತ. ಮಾತಿನಲ್ಲಿ ಸ, ಶ, ತ, ಕ ಇವುಗಳ ಗೆರೆ ಸ್ಪಷ್ಟವಾಗುವುದು ಈ ಎತ್ತರದಲ್ಲೇ. ಹಾಗಾಗಿ ಸದ್ದು ಕೇಳುತ್ತದೆ, ಮಾತು ಹತ್ತುವುದಿಲ್ಲ. ‘ತಟ್ಟೆ ಕೊಡಿ’ ಅಂದದ್ದು ‘ಪಟ್ಟೆ’ ಅಂತಲೋ ‘ಕಟ್ಟೆ’ ಅಂತಲೋ ಕೇಳುತ್ತದೆ. ಮನೆಯವರು ‘ಗೊಣಗುತ್ತಾರೆ, ಬಿಡಿಸಿ ಹೇಳುವುದಿಲ್ಲ’ ಅಂತ ಅನಿಸಲು ಶುರುವಾದರೆ ಕಿವಿ ತೋರಿಸುವ ಕಾಲ ಬಂದಿದೆ.

ಪ್ಯಾಕೆಟ್ಟಿನ ಅಂಕಿ ಓದುವುದು ಹೇಗೆ

ಕಿವಿಯೊಳಗೆ ತೂರಿಸುವುದು ಪ್ಲಗ್, ಎರಡೂ ಕಿವಿಯನ್ನು ಬಟ್ಟಲಿನ ಹಾಗೆ ಹೊರಗಿನಿಂದ ಮುಚ್ಚುವುದು ಮಫ್. ಎಷ್ಟು ಡೆಸಿಬಲ್ ತಡೆಯುತ್ತದೆ ಅನ್ನುವುದನ್ನು ತಿಳಿಸಲು ಅಮೆರಿಕದ ಲೆಕ್ಕದ ಸಾಮಾನಿನ ಮೇಲೆ ಎನ್‌ಆರ್‌ಆರ್, ಯುರೋಪಿನದರ ಮೇಲೆ ಎಸ್‌ಎನ್‌ಆರ್ ಅಂತ ಅಂಕಿ ಇರುತ್ತದೆ. ಭಾರತದ ಮಾನಕ ಐಎಸ್ 9167. ಒಂದೇ ಪ್ಲಗ್ಗಿಗೆ ಎಸ್‌ಎನ್‌ಆರ್ ಸಾಮಾನ್ಯವಾಗಿ ಎನ್‌ಆರ್‌ಆರ್‌ಗಿಂತ ಜಾಸ್ತಿ ಕಾಣುತ್ತದೆ, ಆದ್ದರಿಂದ ಇದರ ಅಂಕಿಯನ್ನು ಅದರ ಪಕ್ಕ ಇಟ್ಟು ಹೋಲಿಸಬೇಡಿ. ಯಾವ ಅಂಕಿಯೂ ಇಲ್ಲದ್ದನ್ನು, ‘ನಾಯ್ಸ್ ಪ್ರೂಫ್’ ಅಂತ ಮಾತ್ರ ಬರೆದದ್ದನ್ನು, ಅಂಗಡಿಯಲ್ಲೇ ಬಿಟ್ಟು ಬನ್ನಿ.

ಫೋಮ್ ಪ್ಲಗ್ಗಿನ ಎನ್‌ಆರ್‌ಆರ್ ಸಾಮಾನ್ಯವಾಗಿ 29ರಿಂದ 33. ರಬ್ಬರಿನ ಮೂರು ಪದರದ ಪ್ಲಗ್ 24ರಿಂದ 27. ಇಯರ್ ಮಫ್ 22ರಿಂದ 31. ಇವು ಪ್ರಯೋಗಾಲಯದಲ್ಲಿ ತಿಳಿದವರು ಸರಿಯಾಗಿ ಕೂರಿಸಿದಾಗ ಬಂದ ಅಂಕಿಗಳು. ಅಮೆರಿಕದ ವೃತ್ತಿ ಸುರಕ್ಷತಾ ಸಂಸ್ಥೆ ನಯಾಶ್ 1998ರಲ್ಲಿ ಕೊಟ್ಟ ಸಲಹೆ ಹೀಗಿತ್ತು: ಮಫ್ಫಿನ ಅಂಕಿಯಲ್ಲಿ ಕಾಲು ಭಾಗ ಕಳೆಯಿರಿ, ಫೋಮ್ ಪ್ಲಗ್ಗಿನದರಲ್ಲಿ ಅರ್ಧ, ಉಳಿದ ಪ್ಲಗ್ಗುಗಳಲ್ಲಿ ನೂರಕ್ಕೆ ಎಪ್ಪತ್ತು. ಅಂದರೆ 33ರ ಫೋಮ್ ಸಾಮಾನ್ಯ ಕೈಯಲ್ಲಿ ಸುಮಾರು 16, 24ರ ಮಫ್ 18. ಪ್ಯಾಕೆಟ್ ಮೇಲೆ ದೊಡ್ಡದಾಗಿ ಕಂಡದ್ದು ಕಿವಿಯಲ್ಲಿ ಚಿಕ್ಕದಾಯಿತು.

ಈಗ 165 ಡೆಸಿಬಲ್ಲಿನ ಬಂದೂಕು ತೆಗೆದುಕೊಳ್ಳಿ. 18 ಕಳೆದರೆ 147, ಇನ್ನೂ ಮಿತಿಯ ಮೇಲೆಯೇ ಇದೆ. ಗುಂಡಿನ ಸದ್ದಿಗೆ ಈ ಕಳೆಯುವ ಲೆಕ್ಕ ಅಂದಾಜು ಮಾತ್ರ, ಆದರೂ ದಾರಿ ತೋರಿಸುತ್ತದೆ: 12 ಬೋರ್ ಆಗಲಿ ದೊಡ್ಡ ರೈಫಲ್ ಆಗಲಿ, ಪ್ಲಗ್ಗೂ ಬೇಕು, ಅದರ ಮೇಲೆ ಮಫ್ಫೂ ಬೇಕು. ಎರಡು ಹಾಕಿದರೆ ಎರಡೂ ಅಂಕಿ ಕೂಡುವುದಿಲ್ಲ. ಹೆಚ್ಚಿನ ಅಂಕಿಯದಕ್ಕೆ ಇನ್ನೊಂದು ಸುಮಾರು 5 ಸೇರಿಸುತ್ತದೆ, ಅಷ್ಟೆ. ಆದರೆ ಒಂದರಲ್ಲಿ ಸಂದಿ ಬಿದ್ದಾಗ ಇನ್ನೊಂದು ಕಾಯುತ್ತದೆ, ಆ ಭರವಸೆಗೆ ಬೆಲೆ ಇದೆ. .22ಕ್ಕೆ ಸರಿಯಾಗಿ ಕೂತ ಒಂದೇ ಸಾಕು.

ಹತ್ತಿ ತಡೆಯುವುದು ಐದಾರು ಡೆಸಿಬಲ್. ಅದನ್ನು ರಕ್ಷಣೆ ಅನ್ನಲಾಗದು. ಹಾರಿಸಿದ ತೋಟಾದ ಖಾಲಿ ಕೇಸನ್ನು ಕಿವಿಗೆ ತುರುಕಿಕೊಳ್ಳುವುದು ಅಪಾಯ: ಸಂದಿ ಮುಚ್ಚುವುದಿಲ್ಲ, ಒಳಗೆ ಗೀರುತ್ತದೆ, ಸಿಕ್ಕಿಕೊಂಡರೆ ಆಸ್ಪತ್ರೆಯಲ್ಲೇ ತೆಗೆಸಬೇಕು. ಮೊಬೈಲಿನ ಇಯರ್ ಬಡ್ ರಕ್ಷಣೆಯ ಸಾಮಾನಲ್ಲ. ಶ್ರವಣ ಯಂತ್ರ ಆಫ್ ಮಾಡಿಟ್ಟುಕೊಂಡರೂ ಅದು ಪ್ಲಗ್ಗಿನ ಕೆಲಸ ಮಾಡುವುದಿಲ್ಲ.

ಕಾವಲಿಗೆ ಯಾವುದು, ರೇಂಜಿಗೆ ಯಾವುದು

ರೇಂಜಿನಲ್ಲಿ, ಅಂದರೆ ತರಬೇತಿಗೆ ಗುಂಡು ಹಾರಿಸುವ ಜಾಗದಲ್ಲಿ, ಗುಂಡು ಯಾವಾಗ ಹಾರುತ್ತದೆ ಅನ್ನುವುದು ಗೊತ್ತಿರುತ್ತದೆ. ಕಾವಲಿನಲ್ಲಿ ಗೊತ್ತಿರುವುದಿಲ್ಲ, ಮೇಲಾಗಿ ಅಲ್ಲಿ ಕಿವಿಯೇ ಕಣ್ಣು. ಕಡಲೆ ಗಿಡ ಕೀಳುವ ಸದ್ದು, ಬೇಲಿಯ ತಂತಿ ಮಿಡಿದದ್ದು, ಪಕ್ಕದ ಹೊಲದ ಅಟ್ಟಣೆಯಿಂದ ಕೂಗಿದ್ದು, ಇಷ್ಟನ್ನೂ ಕೇಳಿಸಿಕೊಳ್ಳಬೇಕು. ಫೋಮ್ ಪ್ಲಗ್ ಇವನ್ನೆಲ್ಲ ನುಂಗುತ್ತದೆ. ಹಾಗಾಗಿ ಹಾಕಿಕೊಂಡವರು ಹತ್ತು ನಿಮಿಷಕ್ಕೆ ತೆಗೆದು ಜೇಬಿಗೆ ಹಾಕುತ್ತಾರೆ, ಆಮೇಲೆ ಗಾಬರಿಯಲ್ಲಿ ಬರಿಗಿವಿಯಲ್ಲೇ ಬಂದೂಕಿನ ಕುದುರೆ ಎಳೆಯುತ್ತಾರೆ. ಎಷ್ಟು ಡೆಸಿಬಲ್ ತಡೆಯುತ್ತದೆ ಅನ್ನುವುದಕ್ಕಿಂತ ಆ ಗಳಿಗೆಯಲ್ಲಿ ಕಿವಿಯ ಮೇಲೆ ಇರುತ್ತದೋ ಇಲ್ಲವೋ ಅನ್ನುವುದನ್ನು ನೋಡಿ ಕೊಳ್ಳಬೇಕು.

ಅದಕ್ಕೆ ಸರಿಹೊಂದುವುದು ಎಲೆಕ್ಟ್ರಾನಿಕ್ ಇಯರ್ ಮಫ್. ಎರಡು ಬಟ್ಟಲಿನ ಹೊರಗೂ ಒಂದೊಂದು ಮೈಕ್ ಇರುತ್ತದೆ. ಸಣ್ಣ ಸದ್ದನ್ನು ಹಿಗ್ಗಿಸಿ ಒಳಗಿನ ಸ್ಪೀಕರಿಗೆ ಕೊಡುತ್ತದೆ. ಹೊರಗಿನ ಸದ್ದು ಸುಮಾರು 82 ಡೆಸಿಬಲ್ ಮುಟ್ಟಿದರೆ ಹಿಗ್ಗಿಸುವುದನ್ನು ನಿಲ್ಲಿಸುತ್ತದೆ. ಗುಂಡಿನ ಸದ್ದನ್ನು ತಡೆಯುವುದು ಈ ಎಲೆಕ್ಟ್ರಾನಿಕ್ಸ್ ಅಲ್ಲ, ಬಟ್ಟಲು ಮತ್ತು ಅದರ ಮೆತ್ತೆ. ಹಾಗಾಗಿ ಬ್ಯಾಟರಿ ಸತ್ತರೂ ರಕ್ಷಣೆ ಇದ್ದೇ ಇರುತ್ತದೆ, ಕೇಳಿಸುವುದು ಮಾತ್ರ ನಿಲ್ಲುತ್ತದೆ. ಹೊವಾರ್ಡ್ ಲೈಟ್ ಇಂಪ್ಯಾಕ್ಟ್ ಸ್ಪೋರ್ಟ್ ಈ ಬಗೆಯದು, ಎನ್‌ಆರ್‌ಆರ್ 22, ಎರಡು ಎಎಎ ಸೆಲ್. 3ಎಂ ಪೆಲ್ಟರ್‌ನಲ್ಲೂ ಇಂಥವು ಇವೆ.

ಕೊಳ್ಳುವಾಗ ಮೈಕ್ ಎರಡು ಇವೆಯೇ ನೋಡಿ. ಒಂದೇ ಮೈಕ್ ಇದ್ದರೆ ಸದ್ದು ಯಾವ ದಿಕ್ಕಿನಿಂದ ಬಂತು ಅನ್ನುವುದು ತಿಳಿಯುವುದಿಲ್ಲ, ಕತ್ತಲಲ್ಲಿ ಅದು ದೊಡ್ಡ ತೊಂದರೆ. ಎರಡಿದ್ದರೂ ಮುಂದೆಯೋ ಹಿಂದೆಯೋ ಅನ್ನುವ ಗೊಂದಲ ಸ್ವಲ್ಪ ಇರುತ್ತದೆ, ತಲೆ ತಿರುಗಿಸಿ ಖಾತ್ರಿ ಮಾಡಿಕೊಳ್ಳಬೇಕು. ವಾಲ್ಯೂಮಿನ ತಿರುಪು ಕತ್ತಲಲ್ಲಿ ಕೈಗೆ ಸಿಗುವಂತಿರಬೇಕು. ಬಟ್ಟಲು ತೆಳ್ಳಗಿರಬೇಕು: ದಪ್ಪ ಬಟ್ಟಲಿನ ಮಫ್ (ಪೆಲ್ಟರ್ ಎಕ್ಸ್5ಎ ಹಾಗಿದೆ, ಎನ್‌ಆರ್‌ಆರ್ 31) ಕಾರ್ಖಾನೆಗೆ ತುಂಬ ಒಳ್ಳೆಯದು, ಆದರೆ ಬಟ್ಟಿಗೆ ಕೆನ್ನೆ ಒರಗಿಸಿದೊಡನೆ ಬಟ್ಟಲಿನ ಕೆಳ ಅಂಚು ಮರಕ್ಕೆ ತಾಗಿ ಮೇಲಕ್ಕೇಳುತ್ತದೆ. ಬೆರಳಗಲ ಸಂದಿ ಬಿದ್ದರೂ ರಕ್ಷಣೆ ಹೋದಂತೆಯೇ. ಅಂಗಡಿಯಲ್ಲಿ ಮಫ್ ಹಾಕಿಕೊಂಡು, ಒಂದು ಕೋಲನ್ನೋ ಕೊಡೆಯನ್ನೋ ಭುಜಕ್ಕೆ ಕೊಟ್ಟು ಕೆನ್ನೆ ಒರಗಿಸಿ ನೋಡಿ. ಬಟ್ಟಲು ಅಲುಗಿದರೆ ಆ ಮಾದರಿ ನಿಮಗಲ್ಲ.

ದೊಡ್ಡ ಸದ್ದಿನ ಬಂದೂಕಿಗೆ ಒಂದು ಉಪಾಯವಿದೆ. ಒಳಗೆ ಫೋಮ್ ಪ್ಲಗ್, ಮೇಲೆ ಎಲೆಕ್ಟ್ರಾನಿಕ್ ಮಫ್, ಅದರ ವಾಲ್ಯೂಮ್ ಪೂರ್ತಿ ಏರಿಸಿ. ಹಿಗ್ಗಿಸಿದ ಮಾತು ಪ್ಲಗ್ ದಾಟಿ ಕಿವಿಗೆ ತಲುಪುತ್ತದೆ, ಗುಂಡಿನ ಸದ್ದಿಗೆ ಮಾತ್ರ ಎರಡು ಗೋಡೆ. ರೇಂಜಿನಲ್ಲಿ ಕಮಾಂಡ್ ಕೇಳಲಿಲ್ಲವೆಂದು ಒಂದು ಬಟ್ಟಲು ಎತ್ತಿದ ಕ್ಷಣದಲ್ಲೇ ಪಕ್ಕದ ಲೇನಿನವನು ಹಾರಿಸಿರುತ್ತಾನೆ. ಅಲ್ಲಿ ಇಂಥ ಅನಾಹುತ ಆಗುತ್ತದೆ. ಎತ್ತುವ ಅಗತ್ಯವೇ ಬರದಂತೆ ಮಾಡಿಕೊಳ್ಳುವುದು ಜಾಣತನ.

ಎಲೆಕ್ಟ್ರಾನಿಕ್ ಮಫ್ ಸಾವಿರಗಟ್ಟಲೆ ರೂಪಾಯಿ. ಅಷ್ಟು ಆಗದಿದ್ದರೆ ಸಾದಾ ಮಫ್ಫನ್ನು ಕೊರಳಿಗೆ ತೂಗುಹಾಕಿಕೊಂಡು, ಬಂದೂಕು ಎತ್ತುವ ಮೊದಲು ಕಿವಿಗೇರಿಸುವುದನ್ನು ರೂಢಿ ಮಾಡಿಕೊಳ್ಳಿ. ಮಧ್ಯದಲ್ಲಿ ಸಣ್ಣ ರಂಧ್ರವಿರುವ ಫಿಲ್ಟರ್ ಪ್ಲಗ್ಗುಗಳೂ ಬರುತ್ತವೆ: ಮಾತು ಒಳಗೆ ಬಿಡುತ್ತವೆ, ಸಿಡಿತ ತಡೆಯುತ್ತವೆ. ರಂಧ್ರದಲ್ಲಿ ಕೆಮ್ಮಣ್ಣು, ಗುಗ್ಗೆ ಕೂತರೆ ಕೆಲಸ ಕೆಡುತ್ತದೆ.

ಹುಡುಕುವುದು ಕಷ್ಟವಲ್ಲ. ವಸಂತನರಸಾಪುರ, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಿಗೆ ಸುರಕ್ಷತೆಯ ಸಾಮಾನು ಕೊಡುವ ಅಂಗಡಿಗಳಲ್ಲಿ ‘ಇಯರ್ ಮಫ್’ ಅಂತ ಕೇಳಿ. ಫೋಮ್ ಪ್ಲಗ್ಗಾದರೆ ಡಬ್ಬಿಗಟ್ಟಲೆ ತಂದು ಅಕ್ಕಪಕ್ಕದ ಹೊಲದವರು ಹಂಚಿಕೊಳ್ಳಬಹುದು.

ಫೋಮ್ ಪ್ಲಗ್ ಕೂರಿಸುವ ಬಗೆ

ಇದನ್ನು ನಿಧಾನವಾಗಿ ಓದಿ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ.

ಕೈ ತೊಳೆಯಿರಿ. ಔಷಧಿ ಹೊಡೆದ ಕೈ, ತೋಟಾ ಮುಟ್ಟಿದ ಕೈಯಲ್ಲಿ ಪ್ಲಗ್ ಹೊಸೆದರೆ ಅದೆಲ್ಲ ಕಿವಿಯೊಳಗೆ ಹೋಗುತ್ತದೆ. ಪ್ಲಗ್ಗನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೂಬತ್ತಿ ಹೊಸೆಯುವ ಹಾಗೆ ಹೊಸೆಯಿರಿ, ಮಡಿಕೆ ಬೀಳದಂತೆ, ಆದಷ್ಟೂ ಸಣ್ಣಗೆ. ಮಡಿಕೆ ಬಿದ್ದರೆ ಆ ಗೀರಿನಲ್ಲೇ ಸದ್ದು ನುಸುಳುತ್ತದೆ, ಬಿಡಿಸಿ ಮತ್ತೆ ಹೊಸೆಯಬೇಕು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲಂಚು ಹಿಡಿದು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಒಳಗಿನ ದಾರಿ ಡೊಂಕಾಗಿರುತ್ತದೆ, ಎಳೆದಾಗ ನೇರವಾಗುತ್ತದೆ. ಪ್ಲಗ್ ಉಬ್ಬುವ ಮೊದಲೇ ಒಳಗೆ ತಳ್ಳಿ. ಬೆರಳ ತುದಿಯಲ್ಲಿ 30 ಸೆಕೆಂಡ್ ಒತ್ತಿ ಹಿಡಿಯಿರಿ. ಚಳಿಯ ರಾತ್ರಿ ಫೋಮ್ ನಿಧಾನವಾಗಿ ಉಬ್ಬುತ್ತದೆ, ಒಂದು ನಿಮಿಷ ಹಿಡಿದರೂ ತಪ್ಪಿಲ್ಲ.

ಸರಿಯಾಗಿ ಕೂತಿದೆಯೇ ಅಂತ ನೋಡಲು ಎರಡೂ ಅಂಗೈ ಬೋಗುಣಿ ಮಾಡಿ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿ, ತೆಗೆಯಿರಿ. ಸುತ್ತಲಿನ ಸದ್ದು ಎರಡೂ ಸಲ ಹೆಚ್ಚುಕಮ್ಮಿ ಒಂದೇ ಇದ್ದರೆ ಕೂತಿದೆ. ಮುಚ್ಚಿದಾಗ ಸದ್ದು ತುಂಬ ತಗ್ಗಿದರೆ ಕೂತಿಲ್ಲ, ತೆಗೆದು ಮತ್ತೆ ಹಾಕಿ. ಎದುರಿಗೆ ನಿಂತವರಿಗೆ ಪ್ಲಗ್ಗಿನ ಹಿಂತುದಿ ಕಿವಿಯಿಂದ ಹೊರಗೆ ಚಾಚಿಕೊಂಡು ಕಂಡರೂ ಅಷ್ಟೆ. ತೆಗೆಯುವಾಗ ಸ್ವಲ್ಪ ತಿರುಚಿ ನಿಧಾನಕ್ಕೆ ಎಳೆಯಿರಿ.

ಫೋಮನ್ನು ತೊಳೆದು ಮತ್ತೆ ಬಳಸಬೇಡಿ. ಕೊಳೆಯಾದರೆ, ಗಟ್ಟಿಯಾದರೆ ಬಿಸಾಡಿ. ರಬ್ಬರಿನದನ್ನು ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬಹುದು. ಕಿವಿ ಸೋರುವವರು, ಕಿವಿಯ ತಮಟೆಯಲ್ಲಿ ತೂತಿರುವವರು ಪ್ಲಗ್ ಹಾಕಲೇಬಾರದು, ಮಫ್ ಮಾತ್ರ. ಗುಗ್ಗೆ ಗಟ್ಟಿಯಾಗಿ ಕಟ್ಟಿದ್ದರೆ ಮೊದಲು ವೈದ್ಯರ ಹತ್ತಿರ ತೆಗೆಸಿ, ಇಲ್ಲದಿದ್ದರೆ ಪ್ಲಗ್ಗು ಅದನ್ನು ಇನ್ನೂ ಒಳಗೆ ದಬ್ಬುತ್ತದೆ.

ಮಫ್ಫಿನ ಸಂದಿ ಎಲ್ಲಿ ಬೀಳುತ್ತದೆ

ಕಾರ್ತಿಕ, ಮಾರ್ಗಶಿರದ ಚಳಿಯಲ್ಲಿ ಕಾವಲಿನವರು ಮಂಕಿ ಕ್ಯಾಪ್ ಹಾಕಿ, ಮೇಲೊಂದು ಟವೆಲ್ ಸುತ್ತಿರುತ್ತಾರೆ. ಅದರ ಮೇಲೆ ಮಫ್ ಹಾಕಿದರೆ ಉಣ್ಣೆಯ ಎಳೆಗಳ ನಡುವೆಯೇ ಸದ್ದು ಒಳಗೆ ಹರಿಯುತ್ತದೆ. ಮಫ್ಫಿನ ಮೆತ್ತೆ ಬರಿ ಚರ್ಮಕ್ಕೆ ತಾಗಬೇಕು. ಮೊದಲು ಮಫ್, ಆಮೇಲೆ ಅದರ ಮೇಲೆ ಟೋಪಿ ಎಳೆದುಕೊಳ್ಳಿ. ಎಲೆಕ್ಟ್ರಾನಿಕ್ ಆದರೆ ಮೈಕಿನ ಮೇಲೆ ಬಟ್ಟೆ ಉಜ್ಜಿ ಪರಪರ ಅನ್ನುತ್ತದೆ, ಅಲ್ಲಿ ಮಾತ್ರ ಟೋಪಿಯನ್ನು ಹಿಂದಕ್ಕೆ ಸರಿಸಿ.

ಕನ್ನಡಕದ ಕಡ್ಡಿ ದಪ್ಪವಿದ್ದರೆ ಮೆತ್ತೆಯನ್ನು ಎತ್ತಿ ಹಿಡಿಯುತ್ತದೆ. ತೆಳು ಕಡ್ಡಿಯದು ಬಳಸಿ, ಇಲ್ಲವೆ ಒಳಗೆ ಪ್ಲಗ್ ಹಾಕಿ. ಜುಮುಕಿ, ಬೆಂಡೋಲೆ, ಹತ್ತಕಡಕು ತೆಗೆದಿಡಿ. ಕಿವಿಯ ಮೇಲೆ ಇಳಿಬಿದ್ದ ಕೂದಲನ್ನು ಹಿಂದಕ್ಕೆ ಸರಿಸಿ. ಬಟ್ಟಲು ಇಡೀ ಕಿವಿಯನ್ನು ಒಳಗೆ ತೆಗೆದುಕೊಳ್ಳಬೇಕು, ಹಾಲೆ ಮೆತ್ತೆಯಡಿ ಸಿಕ್ಕಿಕೊಳ್ಳಬಾರದು.

ಬೆವರು, ಧೂಳಿಗೆ ಮೆತ್ತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬಳಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಿಸಿ. ಹೆಚ್ಚು ಬಳಸುವವರು ಆರು ತಿಂಗಳಿಗೊಮ್ಮೆ ಮೆತ್ತೆ, ಒಳಗಿನ ಸ್ಪಂಜು ಎರಡನ್ನೂ ಬದಲಿಸಬೇಕು. ಅವು ಬಿಡಿಯಾಗಿ ಸಿಗುವ ಮಾದರಿಯನ್ನೇ ಕೊಳ್ಳಿ. ಹಿಡಿತ ಬಿಗಿ ಅಂತ ತಲೆಪಟ್ಟಿಯನ್ನು ಅಗಲಿಸಿ ಬಗ್ಗಿಸಬೇಡಿ, ಆ ಬಿಗಿಯೇ ರಕ್ಷಣೆ. ಸುಗ್ಗಿ ಮುಗಿದ ಮೇಲೆ ಸೆಲ್ ತೆಗೆದಿಡಿ. ಒಳಗೇ ಬಿಟ್ಟರೆ ಸೋರಿ ತಂತಿ ತಿನ್ನುತ್ತದೆ, ಮುಂದಿನ ವರ್ಷ ತೆಗೆದಾಗ ಮಫ್ ಮೂಕವಾಗಿರುತ್ತದೆ.

ಜೊತೆಯಲ್ಲಿ ಬಂದವರಿಗೂ ಇಷ್ಟೇ ಬೇಕು. ಅಟ್ಟಣೆಯ ಮೇಲೆ ಪಕ್ಕದಲ್ಲಿ ಕೂತವರು, ಟಾರ್ಚ್ ಹಿಡಿದವರು ನಳಿಗೆಯ ಬಾಯಿಗಿಂತ ಮುಂದೆ ಇರಲೇಬಾರದು. ಮಕ್ಕಳನ್ನು ಕರೆದೊಯ್ಯಬೇಡಿ.

ಏಟು ಬಿದ್ದ ಮೇಲೆ

ಬರಿಗಿವಿಗೆ ಸದ್ದು ಹೊಡೆದು ಗುಂಯ್‌ಗುಡುತ್ತಿದ್ದರೆ, ಕಿವಿ ಕಟ್ಟಿದಂತಾದರೆ, ನೋವು ಅಥವಾ ರಕ್ತ ಕಂಡರೆ ಮತ್ತೆ ಹಾರಿಸಬೇಡಿ, ಸದ್ದಿನಿಂದ ದೂರ ಹೋಗಿ. ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ, ಈರುಳ್ಳಿ ರಸ ಏನನ್ನೂ ಬಿಡಬೇಡಿ. ತಮಟೆ ಹರಿದಿದ್ದರೆ ಅದು ನೇರ ನಡುಗಿವಿಗೆ ಇಳಿದು ಕೀವು ಕಟ್ಟುತ್ತದೆ. ನೀರೂ ಹೋಗಬಾರದು. ಮರುದಿನವೇ ಜಿಲ್ಲಾಸ್ಪತ್ರೆಯಲ್ಲೋ ಹತ್ತಿರದ ವೈದ್ಯಕೀಯ ಕಾಲೇಜಿನಲ್ಲೋ ಕಿವಿ, ಮೂಗು, ಗಂಟಲು ವಿಭಾಗದವರಿಗೆ ತೋರಿಸಿ. ಕೆಲವರಿಗೆ ಸ್ಟಿರಾಯ್ಡ್ ಔಷಧಿಯಿಂದ ಉಪಯೋಗವಾಗಬಹುದು, ಆದರೆ ಅದನ್ನು ಮೊದಲ ಕೆಲವು ದಿನಗಳಲ್ಲೇ ಶುರು ಮಾಡಬೇಕು. ‘ತಾನಾಗಿ ಸರಿಹೋಗುತ್ತದೆ’ ಅಂತ ವಾರ ಕಾದರೆ ಆ ಅವಕಾಶವೂ ಜಾರುತ್ತದೆ.

ಗುಂಯ್‌ಗುಟ್ಟುವುದು ನಿಂತರೂ ಒಂದು ಸಲ ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ) ಮಾಡಿಸಿ. ಬಂದೂಕು ಬಳಸುವವರು ವರ್ಷಕ್ಕೊಮ್ಮೆ ಮಾಡಿಸಿ ಹಾಳೆ ಜೋಪಾನವಾಗಿಟ್ಟುಕೊಳ್ಳಬೇಕು. ಹಳೆಯ ಹಾಳೆಯ ಪಕ್ಕ ಹೊಸದನ್ನು ಇಟ್ಟಾಗ 4000 ಹರ್ಟ್ಸ್ ಹತ್ತಿರ ಗೆರೆ ಕುಸಿದಿದ್ದರೆ, ನಿಮಗೆ ಇನ್ನೂ ಎಲ್ಲವೂ ಕೇಳುತ್ತಿದೆ ಅನಿಸಿದರೂ, ಹಾನಿ ಆರಂಭವಾಗಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಎಲ್ಲ ಪರೀಕ್ಷೆಗಳೂ ಆಗುತ್ತವೆ. ಕಿವಿಯ ದಾರಿ ತೀರ ಕಿರಿದಾಗಿ ಯಾವ ಪ್ಲಗ್ಗೂ ಕೂರದವರು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಅಚ್ಚು ತೆಗೆಸಿ ಸ್ವಂತ ಅಳತೆಯ ಪ್ಲಗ್ ಮಾಡಿಸಬಹುದು. ಗುಂಡು ಹಾರಿಸುವುದಕ್ಕೆ ಅಂತ ಬಿಡಿಸಿ ಹೇಳಿ. ಈಜುವಾಗ ನೀರು ತಡೆಯಲು ಮಾಡುವ ಅಚ್ಚು ಬೇರೆ.